ಹದಿನಾಲ್ಕು ಹಿಡಿಕೆಗಳ ಕೋಣೆ

ಬೆಳಗಿನ ಆರು ಗಂಟೆ. ವಿನ್ಯಾಸ ಸಂಗ್ರಹಾಲಯದ ಹಿಂಭಾಗದ ಪುಟ್ಟ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಾರೆ. ಅಳಿಸಿ, ನಾಲ್ಕು ಬೆರಳು ಕೆಳಗೆ ಮತ್ತೆ ಎಳೆಯುತ್ತಾರೆ. ಇದು ಅವರು ಕಟ್ಟಿರುವ ಮೊದಲ ಪ್ರದರ್ಶನ. ಹತ್ತಕ್ಕೆ ಬಾಗಿಲು ತೆರೆಯಬೇಕು. ಹದಿಮೂರು ವಸ್ತುಗಳು ಗೋಡೆ ಸೇರಿವೆ. ಹದಿನಾಲ್ಕನೆಯದು ಗಾರೆ ಕೆಲಸದ ಒಂದು ಕರಣೆ. ಅದು ಮಾತ್ರ ಬಟ್ಟೆ ಸುತ್ತಿಕೊಂಡು ಮೇಜಿನ ಮೇಲೆ ಮಲಗಿದೆ. ಅದಕ್ಕೆ ಗೋಡೆಯಲ್ಲಿ ಜಾಗ ಉಂಟೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗಾಜಿನಕ್ಕ ಎಂದು. ನಲವತ್ತಾರು ಗಾಜಿನ ಪೆಟ್ಟಿಗೆಗಳನ್ನು ದಿನಕ್ಕೆರಡು ಸಲ ಒರೆಸುತ್ತ ಹತ್ತೊಂಬತ್ತು ವರ್ಷ ಸವೆಸಿದ್ದಾರೆ. ಒಳಗಿರುವ ಕುರ್ಚಿ, ದೀಪ, ಕೆಟಲ್‌ಗಳ ಕಲ್ಪನೆ ಯಾರದೆಂದು ಪಕ್ಕದ ಚೀಟಿ ಹೇಳುತ್ತದೆ. ಮಾಡಿದ ಕೈ ಯಾರದು, ಬಳಸಿ ಸವೆಸಿದ ಕೈ ಯಾರದು ಎಂದು ಯಾವ ಚೀಟಿಯೂ ಹೇಳುವುದಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ಸಲೀಸು. ಎಲೆಯನ್ನು ಅಡ್ಡ ಹಿಡಿದವರು ಯಾರು ಎಂದು ಮಾತ್ರ ನಾವು ಕೇಳುವುದಿಲ್ಲ.

"ಜನ ಬಂದ್ರೋ ಇಲ್ವೋ ಅಂತ ಮೇಲಿನವರು ಟಿಕೆಟ್ ಎಣಿಸ್ತಾರೆ. ನಾನು ಗಾಜು ನೋಡ್ತೀನಿ," ಎನ್ನುತ್ತಾರೆ ಗಾಜಿನಕ್ಕ. "ಬೇಜಾರಾದ ಕಡೆ ಗಾಜು ಫಳಫಳ ಅಂತಾನೇ ಇರುತ್ತೆ. ಇಷ್ಟ ಆದ ಕಡೆ ಮೂಗಿನ ಗುರುತು ಬಿದ್ದಿರುತ್ತೆ."

ಎರಡು ವರ್ಷಗಳ ಹಿಂದೆ ಇಲ್ಲಿ ಪ್ರತಿ ಬುಧವಾರ ಪ್ರದರ್ಶನ ಕಟ್ಟುವುದರ ಮೊದಲ ಪಾಠಗಳು ಶುರುವಾದವು. ಕಾಲೇಜು ಮುಗಿಸಿದ ಹನ್ನೊಂದು ಮಂದಿ ಮುಂದೆ ಕೂತರು. ಗಾಜಿನಕ್ಕ ಹಿಂದಿನ ಕಿಟಕಿ ಒರೆಸುತ್ತ ನಿಂತರು. ಒಂದೇ ಕಿಟಕಿಯನ್ನು ಮೂರು ವಾರ ಒರೆಸಿದರು! ವಸ್ತುಗಳನ್ನು ನೋಡುವವರ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕು ಎಂದು ಪಾಠ ಹೇಳುವ ಮೇಡಂ ನಾಲ್ಕನೆಯ ವಾರ ಹೇಳಿದಾಗ ಹಿಂದಿನಿಂದ ದನಿ ಬಂತು: "ಯಾರ ಕಣ್ಣು ಮೇಡಂ? ನನ್ನದಾ, ನಮ್ಮ ಸಾಹೇಬರದಾ?" ಸಾಹೇಬರೆಂದರೆ ಸಂಗ್ರಹಾಲಯದ ಮುಖ್ಯಸ್ಥರು, ಆರಡಿ ಎತ್ತರದ ಆಸಾಮಿ. ತರಗತಿ ಗೊಳ್ಳೆಂದಿತು. ಮೇಡಂ ಮಾತ್ರ ನಗದೆ ಒಂದು ಕುರ್ಚಿ ಎಳೆದು ಕೊಟ್ಟರು.

ಕಲಿಕೆಯ ಕೊನೆಗೆ, ಸ್ವಂತ ಪ್ರದರ್ಶನ ಕಟ್ಟಲು ಗಾಜಿನಕ್ಕನಿಗೂ ಒಂದು ಕೋಣೆ ಸಿಕ್ಕಿತು. ಗಾಜಿನಕ್ಕ ಆರಿಸಿಕೊಂಡಿದ್ದು ಹಿಡಿಕೆಗಳನ್ನು: ಬಕೆಟ್ಟು, ಸೌಟು, ಇಸ್ತ್ರಿಪೆಟ್ಟಿಗೆ, ಗರಗಸ, ಹೀಗೆ ದುಡಿಯುವವರ ಕೈ ಕೂತು ಸವೆದ ಹಿಡಿಕೆಗಳು. ನೆಂಟರಿಷ್ಟರ ಮನೆಗಳಿಂದ ಅರವತ್ತನಾಲ್ಕು ತಂದು ಗೋಡೆಗೆಲ್ಲ ತುಂಬಿದರು. "ಅಕ್ಕಾ, ಇದು ಪ್ರದರ್ಶನ ಅಲ್ಲ, ಗುಜರಿ ಅಂಗಡಿ," ಎಂದರು ಮೇಡಂ. ಎರಡು ದಿನ ಮಾತು ಬಿಟ್ಟಿದ್ದರಂತೆ ಗಾಜಿನಕ್ಕ. "ತಂದಿದ್ದು ಸುಲಭ, ವಾಪಸ್ ಕಳ್ಸೋವಾಗ ಕರುಳು ಕಿತ್ಕೊಂಡು ಬಂತು. ಆದ್ರೆ ಜಾಗ ಬಿಟ್ಟ ಮೇಲೇ ಒಂದೊಂದೂ ಮಾತಾಡೋಕೆ ಶುರು ಮಾಡಿದ್ದು," ಎನ್ನುತ್ತಾರೆ ಈಗ.

ಉಳಿದ ಹದಿನಾಲ್ಕರಲ್ಲಿ ಮುಖ್ಯವಾದದ್ದು ಅವರ ಭಾವನ ಕರಣೆ. ಮೂವತ್ತೊಂದು ವರ್ಷದ ಬೆವರು, ಸುಣ್ಣ, ಸಿಮೆಂಟು ಕುಡಿದು ಅದರ ಮರದ ಹಿಡಿಕೆ ಕಪ್ಪಾಗಿತ್ತು. ಐದು ಬೆರಳೂ ಅದರ ಮೇಲೆ ಅಚ್ಚೊತ್ತಿದ್ದವು. ನಿನ್ನೆ ಬೆಳಿಗ್ಗೆ ಗಾಜಿನಕ್ಕ ಕೋಣೆ ಗುಡಿಸಿದರು, ನೆಲ ಒರೆಸಿದರು, ಅದೇ ಭರದಲ್ಲಿ ಕರಣೆಯನ್ನೂ ಸೋಪು ಹಾಕಿ ಉಜ್ಜಿ, ಮರಳು ಕಾಗದದಿಂದ ತಿಕ್ಕಿ ನುಣುಪು ಮಾಡಿಬಿಟ್ಟರು. ಹತ್ತೊಂಬತ್ತು ವರ್ಷದ ಕೈರೂಢಿ. ಒರೆಸಿದ ಮೇಲೆ ನೋಡಿದರೆ ಅಂಗಡಿಯಿಂದ ಈಗ ತಂದ ಹಾಗಿದೆ. "ತೋರಿಸಬೇಕಾಗಿದ್ದನ್ನೇ ತೊಳೆದು ಹಾಕಿದೆ. ಕೈ ಕಡಿದುಕೊಳ್ಳೋಣ ಅನ್ನಿಸ್ತು," ಎನ್ನುತ್ತಾರೆ.

ಆಮೇಲೆ ಕೂತು ಒಂದು ಚೀಟಿ ಬರೆದರು: "ಈ ಹಿಡಿಕೆಯ ಮೇಲೆ ಗಾರೆ ಕೆಲಸದವರೊಬ್ಬರ ಮೂವತ್ತೊಂದು ವರ್ಷದ ಕೈಗುರುತು ಇತ್ತು. ಪ್ರದರ್ಶನಕ್ಕೆಂದು ತಂದು ಉಜ್ಜಿ ಅಳಿಸಿಬಿಟ್ಟೆವು."

ಒಂಬತ್ತಕ್ಕೆ ಬಂದ ಮುಖ್ಯಸ್ಥರು ಚೀಟಿ ಓದಿ ಸಿಡುಕುತ್ತಾರೆ. "ಇದನ್ನ ಹಾಕಿದ್ರೆ ಸಂಸ್ಥೆಯ ಮಾನ ಏನಾಗಬೇಕು? ಚೀಟಿ ತೆಗೀರಿ, ಕರಣೆ ಸುಮ್ನೆ ಇಡಿ. ಯಾರಿಗೆ ಗೊತ್ತಾಗುತ್ತೆ?"

"ನಂಗೊತ್ತಲ್ಲ ಸಾಹೇಬ್ರೆ. ಚೀಟಿ ಇಲ್ದೆ ಇಟ್ರೆ ಅದು ಸುಳ್ಳು. ಹಾಗಿದ್ರೆ ಈ ಕೋಣೆನೇ ತೆರೆಯೋದು ಬೇಡ."

"ನಿಮಗೆ ಕೋಣೆ ಕೊಟ್ಟಿದ್ದೇ ಹೆಚ್ಚು!"

ಎರಡು ವರ್ಷದ ಕಲಿಕೆ ನೀರಲ್ಲಿ ಹೋಮವಾಗುವ ಹೊತ್ತಿಗೆ, ಊರಿಗೆ ಮುಂಚೆ ಪ್ರದರ್ಶನ ನೋಡಲು ಬಂದ ಭಾವ ಬಾಗಿಲಲ್ಲಿ ನಿಂತಿದ್ದಾರೆ. ನಾದಿನಿ ತಲೆ ತಗ್ಗಿಸಿಕೊಂಡೇ ಬಟ್ಟೆ ಬಿಚ್ಚುತ್ತಾರೆ. ಭಾವ ಕರಣೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ತೊಳಿ ತೊಳಿ ಅಂತ ನಿಮ್ಮಕ್ಕ ಮೂವತ್ತೊಂದು ವರ್ಷ ಬೈದ್ರೂ ತೊಳೀಲಿಲ್ಲ. ನೀನು ಒಂದೇ ಬೆಳಿಗ್ಗೆ ಮುಗಿಸಿಬಿಟ್ಟೆಯಲ್ಲೇ!" ಎಂದು ನಕ್ಕು, ಚೀಟಿಯನ್ನು ನಿಧಾನವಾಗಿ ಓದುತ್ತಾರೆ. ನಗು ನಿಲ್ಲುತ್ತದೆ. ಮುಖ್ಯಸ್ಥರ ಕಡೆ ತಿರುಗುತ್ತಾರೆ. "ಸ್ವಾಮಿ, ಚೀಟಿ ಇರ್ಲೇಬೇಕು. ಇಲ್ದಿದ್ರೆ ಇವನು ಹೊಸ ಕರಣೆ ತಂದು ಶೋಕಿ ಮಾಡ್ದ ಅಂತ ನಮ್ಮ ಜೊತೆಗಾರರು ಆಡ್ಕೋತಾರೆ. ಬೇಡ ಅಂದ್ರೆ ಹೇಳಿ, ಕರಣೆ ತಗೊಂಡು ಹೋಗ್ತೀನಿ. ಇವತ್ತೂ ಕೆಲ್ಸ ಇದೆ."

ಮುಖ್ಯಸ್ಥರು ಗಡಿಯಾರ ನೋಡುತ್ತಾರೆ. ಕೊನೆಗೆ ಒಪ್ಪುತ್ತಾರೆ, ಒಂದು ಷರತ್ತಿನ ಮೇಲೆ: "ಅಳಿಸಿಬಿಟ್ಟೆವು" ಎಂಬುದನ್ನು "ಅಳಿಸಿಬಿಟ್ಟೆ" ಎಂದು ತಿದ್ದಿ, ತಪ್ಪು ಸಂಸ್ಥೆಯದಲ್ಲ ಎಂದು ತಿಳಿಯುವ ಹಾಗೆ ಅದರ ಕೆಳಗೆ ಗಾಜಿನಕ್ಕನ ಪೂರ್ತಿ ಹೆಸರು ಹಾಕಬೇಕು. ಬಾಗಿಲ ಬಳಿಯ ದೊಡ್ಡ ಫಲಕದಲ್ಲಿ ಪ್ರದರ್ಶನ ಕಟ್ಟಿದವರೆಂದು ಮುಖ್ಯಸ್ಥರ ಹೆಸರಿದೆ, ಸಂಸ್ಥೆಯ ಹೆಸರಿದೆ. ಗಾಜಿನಕ್ಕನ ಹೆಸರಿಲ್ಲ. ಹೊಗಳಿಕೆಗೆ ಮೇಲಿನವರು, ತಪ್ಪಿಗೆ ಕೆಳಗಿನವರು: ಈ ಹಂಚಿಕೆಯನ್ನು ಇಷ್ಟು ನಾಚಿಕೆಯಿಲ್ಲದೆ ಗೋಡೆಗೆ ಹಚ್ಚಿದ್ದು ಬಹುಶಃ ಇದೇ ಮೊದಲು.

ಬೇಸರವಾಗಲಿಲ್ಲವೇ ಎಂದು ಕೇಳಿದರೆ ಗಾಜಿನಕ್ಕ ಚೀಟಿಯ ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಅಂಟಿಸುತ್ತಾರೆ. ಹೊರಗೆ ಮೊದಲ ಜನ ಸಾಲು ನಿಂತಿದ್ದಾರೆ.

"ಯಾಕೆ ಬೇಸರ? ಇಲ್ಲಿ ಆದ ತಪ್ಪು ನಂದು ಅಂತ ಅವರೇ ಬರೆಸಿದ್ರಲ್ಲ," ಎನ್ನುತ್ತಾರೆ. "ಹಾಗಾದ್ರೆ ಕೋಣೆನೂ ನಂದೇ ಆಯ್ತಲ್ವಾ?"