ತಿಪ್ಪೆಗೆ ಹೋದ ಹಾಲೆಂಡು

ನಮ್ಮ ಅಜ್ಜಂಪುರದ ಮನೆಯಲ್ಲಿ ಹಾಲೆಂಡ್ ದೇಶದ ಏಳು ಪಾತ್ರೆಗಳಿವೆ ಎಂದರೆ ನನ್ನ ಕ್ಲಾಸಿನವರು ಯಾರೂ ನಂಬಲಿಲ್ಲ. ತಪ್ಪು ಅವರದಲ್ಲ. ಬುಕ್ಕಾಂಬುಧಿ ಕೆರೆಯನ್ನು ಒಂದೇ ಉಸಿರಿನಲ್ಲಿ ಈಜಿ ದಾಟಿದೆ ಎಂದು ಅದರ ಹಿಂದಿನ ವಾರವಷ್ಟೇ ನಾನು ಹೇಳಿದ್ದೆ. ಕೆರೆಯ ವಿಷಯದಲ್ಲಿ ಮೊಣಕಾಲುದ್ದ ನೀರಿಗೆ ಇಳಿದದ್ದು ಮಾತ್ರ ನಿಜ. ಪಾತ್ರೆಗಳು ಮಾತ್ರ ಪೂರ್ತಿ ನಿಜ.

ಅವು ದೊಡ್ಡಪ್ಪನವು. ತರೀಕೆರೆಯ ಮೇಲಿನ ಬೆಟ್ಟದ ಕಾಫಿ ತೋಟವೊಂದರಲ್ಲಿ ಅವರು ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಬಿಳಿ ದೊರೆ ತೋಟ ಮಾರಿ ಸೀಮೆಗೆ ಹೊರಟ ದಿನ ದೊರೆಸಾನಿ ಅವರ ಕೈಗೆ ಒಂದು ಹೂಜಿ ಕೊಟ್ಟಳು. ಕಡುಹಸಿರು ಮೈ, ಮೊಟ್ಟೆಯ ಚಿಪ್ಪಿನ ಹಾಗೆ ಹೊಳಪಿಲ್ಲದ ನುಣುಪು, ಅದರ ಮೇಲೆ ಕುಂಚದಲ್ಲಿ ಬರೆದ ಹಳದಿ ಮತ್ತು ಇಟ್ಟಿಗೆಗೆಂಪಿನ ಹೂವುಗಳು. ಅರ್ಧ ಹೂವು, ಅರ್ಧ ಚಿಟ್ಟೆ ಎನ್ನಬಹುದು. ತಳದಲ್ಲಿ ಹಾಲೆಂಡ್ ಎಂದು ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಬಣ್ಣ ಬರೆದವರ ಇರುವೆಗಾತ್ರದ ಸಹಿ.

ಆಮೇಲೆ ದೊಡ್ಡಪ್ಪನಿಗೆ ಹುಚ್ಚು ಹಿಡಿಯಿತು. ಬಂಗಲೆಗಳ ಬಟ್ಲರುಗಳೂ ಅಡುಗೆಯವರೂ ಇಂಥವನ್ನು ಊರೂರಿಗೆ ಒಯ್ದಿದ್ದರು. ತರೀಕೆರೆಯ ಹೋಟೆಲಿನಲ್ಲಿ ಚಮಚ ತುಂಬಿಕೊಂಡಿದ್ದ ಒಂದು, ಕಡೂರಿನ ಕಟಿಂಗ್ ಶಾಪಿನಲ್ಲಿ ಬಾಚಣಿಗೆ ಹೊತ್ತಿದ್ದ ಒಂದು, ಯಗಟಿಯ ಮನೆಯೊಂದರ ಅಟ್ಟದಲ್ಲಿ ಹುರುಳಿ ಬೀಜ ತುಂಬಿಕೊಂಡು ಕೂತಿದ್ದ ಒಂದು, ಹೀಗೆ ಆರನ್ನು ಹುಡುಕಿ ತಂದರು. ಯಗಟಿಯಿಂದ ಬರುವಾಗ ಪಾತ್ರೆಗೆ ಬಸ್ಸಿನಲ್ಲಿ ಸೀಟು ಕೊಟ್ಟು ತಾವು ನಿಂತೇ ಬಂದರಂತೆ.

ಅವುಗಳ ಆರೈಕೆ ಬಾಣಂತಿಯದಕ್ಕಿಂತ ಹೆಚ್ಚು. ನೀರು ಮುಟ್ಟಿಸುವಂತಿಲ್ಲ. ಹುಣಸೆಹಣ್ಣು, ಬೂದಿಯ ಹೆಸರೇ ಎತ್ತುವಂತಿಲ್ಲ. ಹಿಡಿ ಹಿಡಿದು ಎತ್ತಬಾರದು, ಹೊಟ್ಟೆಯ ಕೆಳಗೆ ಎರಡೂ ಕೈ ಕೊಡಬೇಕು. ಧೂಳು ಹೊಡೆಯಲು ಹೊಸ ಶೇವಿಂಗ್ ಬ್ರಶ್ಶು. ದೊಡ್ಡಪ್ಪ ಸ್ವಂತ ಗಡ್ಡಕ್ಕೆ ಬಳಸುತ್ತಿದ್ದ ಬ್ರಶ್ಶಿನಲ್ಲಿ ಹನ್ನೊಂದು ಕೂದಲು ಉಳಿದಿದ್ದವು, ನಾನೇ ಎಣಿಸಿದ್ದೇನೆ. ಭಾನುವಾರ ಅವರೊಬ್ಬರೇ ಕೂತು ಪ್ರತಿ ಪಾತ್ರೆಗೂ ಉಗುರಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ಆ ತಟ್ಟುವ ಕೆಲಸ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ.

ನನಗೆ ಹದಿನಾಲ್ಕಾದ ವರ್ಷ ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೊರಟರು. ಅಪ್ಪ ಜೊತೆಗೆ ಹೋದರು. ಹೊರಡುವ ಮುಂಚೆ ದೊಡ್ಡಪ್ಪ ಬ್ರಶ್ಶನ್ನು ನನ್ನ ಕೈಗಿಟ್ಟರು.

"ನೋಡ್ಲಾ, ಕಣ್ಣಿನ ಪಟ್ಟಿ ಊರಾಗೇ ಬಿಚ್ಚುಸ್ತೀನಿ. ಬಿಚ್ಚಿದ್ ತಕ್ಷಣ ಮೊದ್ಲು ನೋಡದು ಆ ಹಸಿರು ಹೂಜಿನೇ. ಅಲ್ಲೀಗಂಟ ನಿನ್ ಜವಾಬ್ದಾರಿ."

"ಪ್ರಾಣ ಕೊಟ್ಟು ಕಾಯ್ತೀನಿ ದೊಡ್ಡಪ್ಪ."

"ಪ್ರಾಣ ಬ್ಯಾಡ. ಕೈ ಒಣಗಿಸ್ಕಂಡು ಮುಟ್ಟು, ಸಾಕು."

ಅವರ ಬಸ್ಸು ಊರು ದಾಟುವ ಮೊದಲೇ ನಾನು ಪ್ರದರ್ಶನ ಶುರುಮಾಡಿದೆ. ಒಂದು ಸೀಬೆಹಣ್ಣಿಗೆ ಒಂದು ನೋಟ. ಗೆಳೆಯರು ಸಾಲಾಗಿ ನಿಂತರು. ಒಬ್ಬ ಕೇಳಿದ, "ಇದು ನಮ್ಮನೆ ಉಪ್ಪಿನಕಾಯಿ ಜಾಡಿ ಇದ್ದಂಗೈತಲ್ಲೋ, ಪಿಂಗಾಣಿ."

"ಥೂ, ಪಿಂಗಾಣಿ ಅಂತೆ! ಅಪ್ಪಟ ಜೇಡಿಮಣ್ಣು ಕಣೋ. ನಿಮ್ಮನೆ ಗಡಿಗೆ ಹೆಂಗೋ ಹಂಗೆ. ಚಕ್ರದ ಮೇಲೆ ತಿರುಗ್ಸಿ, ಆವಿಗೆಲಿ ಸುಟ್ಟಿರೋದು!" ಎಂದು ನಾನು ಬೀದಿಗೆ ಕೇಳುವಂತೆ ಉಪನ್ಯಾಸ ಕೊಟ್ಟೆ.

ಬಾಗಿಲ ಬಳಿ ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಅವರೆಕಾಯಿ ಸುಲಿಯುತ್ತಿದ್ದಳು. ಬೀರೂರಿನಲ್ಲಿ ರೈಲು ಕೂಗಿದರೆ ಇಲ್ಲಿ ಕೂತು ಎಷ್ಟು ಲೇಟು ಎಂದು ಹೇಳುವ ಕಿವಿ ಅವಳದು. ಸುಲಿಯುವ ಕೈ ಒಂದು ಗಳಿಗೆ ನಿಂತದ್ದನ್ನು ನಾನು ಗಮನಿಸಲಿಲ್ಲ. ಸೀಬೆಹಣ್ಣು ಎಣಿಸುತ್ತಿದ್ದೆ.

ಆ ವಾರವೇ ದೊಡ್ಡ ಸೂರ್ಯಗ್ರಹಣ. ಮಧ್ಯಾಹ್ನವೇ ಬೀದಿ ಖಾಲಿ. ಅಜ್ಜಿ ಕಿಟಕಿಗಳಿಗೆ ಗೋಣಿ ತುರುಕಿ, ಗ್ರಹಣ ತಟ್ಟದಿರಲೆಂದು ಹಾಲು ಮೊಸರಿನ ಮೇಲೆ ಗರಿಕೆ ಹಾಕಿ, ನಮ್ಮನ್ನೆಲ್ಲ ಒಳಗೆ ಕೂರಿಸಿದಳು. ಕೋಳಿಗಳು ಮೂರೂವರೆಗೇ ಗೂಡು ಸೇರಿದವು. ಗ್ರಹಣ ಬಿಟ್ಟ ಕೂಡಲೇ ನಾನು ತಲೆಗೆ ನೀರು ಸುರಿದುಕೊಂಡು ಬೀದಿಗೆ ಓಡಿದೆ. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಿದೆ, ಸೂರ್ಯನೇ ಮೊದಲು ಕಣ್ಣು ಮಿಟುಕಿಸಿದ ಎಂದು ಗೆಳೆಯರಿಗೆ ಹೇಳುವುದು ತುರ್ತಾಗಿತ್ತು.

ವಾಪಸು ಬಂದಾಗ, ಏಳೂ ಪಾತ್ರೆ ಇರುತ್ತಿದ್ದ ನಡುಮನೆಯ ಗೋಡೆಗೂಡು ಖಾಲಿ.

ಖಾಲಿ ಎಂದರೆ ಬಳಿದು ಸಾರಿಸಿದ ಖಾಲಿ. ಗೂಡಿನೊಳಗೆ ತಲೆ ತೂರಿಸಿ ಮೂಲೆ ಮೂಲೆ ತಡಕಿದೆ. 

"ಅಜ್ಜೀ, ಹೂಜಿಗಳು?"

"ತಿಪ್ಪೆಲವೆ," ಎಂದಳು ಅಜ್ಜಿ, ಒಲೆ ಊದುತ್ತ. "ಗ್ರಹಣ ಹಿಡಿದ ಮಣ್ಣಿನ ಪಾತ್ರೆ ಮನೇಲಿ ಇಟ್ಕಂತಾರಾ? ಗಡಿಗೆ, ಮಡಕೆ ಎಲ್ಲಾ ಎಸೆದೆ. ಅವೂ ಮಣ್ಣಲ್ವಾ."

"ಅವು ಪಿಂಗಾಣಿ ಅಜ್ಜೀ!"

"ನೀನೇ ಕೂಗ್ಕಂಡೆ ಕಣೋ, ಅಪ್ಪಟ ಜೇಡಿಮಣ್ಣು ಅಂತ. ಇಷ್ಟ್ ವರ್ಷ ನಾನೂ ಪಿಂಗಾಣಿ ಅಂತ್ಲೇ ಸುಮ್ಕಿದ್ದೆ."

ಹಿತ್ತಿಲಿಗೆ ಹಾರಿದೆ. ತಿಪ್ಪೆಯ ಮೇಲೆ ಹಳೆ ಗಡಿಗೆಗಳ ನಡುವೆ ಹಾಲೆಂಡು ಅಂಗಾತ ಮಲಗಿತ್ತು. ಎಮ್ಮೆಯ ಹಸಿ ಸಗಣಿ ಪುಣ್ಯಕ್ಕೆ ಹಾಸಿಗೆಯಷ್ಟು ಮೆತ್ತಗಿತ್ತು. ಏಳೂ ಇಡಿಯಾಗಿದ್ದವು. ಒಣಬಟ್ಟೆ, ಬ್ರಶ್ಶು, ಊದುವ ಬಾಯಿ, ಎಲ್ಲ ಬಳಸಿ ಒರೆಸಿದೆ. ಮೊದಲು ಹಸಿರು ಹೂಜಿಯನ್ನು ಎದೆಗವಚಿಕೊಂಡು ಹೊಸಿಲಿಗೆ ಬಂದರೆ ಅಜ್ಜಿ ಅಡ್ಡ ನಿಂತಿದ್ದಳು.

"ಎಸೆದಿದ್ದನ್ನ ಒಳಗೆ ತತ್ತೀಯಾ?"

"ಆಣೆಗೂ ಪಿಂಗಾಣಿ ಅಜ್ಜಿ. ಅವತ್ತು ಹೇಳಿದ್ದು ಸುಳ್ಳು. ನಾನು ಸುಳ್ಳು ಹೇಳ್ತೀನಿ ಅಂತ ನಿಂಗೆ ಗೊತ್ತಲ್ಲ?"

ಅಜ್ಜಿ ಹೂಜಿಯನ್ನು ಬೋರಲು ಹಾಕಿ, ಬಣ್ಣ ತಾಗದ ತಳದ ಅಂಚಿಗೆ ಒದ್ದೆ ಬೆರಳು ಒತ್ತಿದಳು. ತೇವ ಕಣ್ಣೆದುರೇ ಇಂಗಿಹೋಯಿತು.

"ನೀರು ಕುಡೀತು. ಮಣ್ಣೇ. ಜನ್ಮದಾಗೆ ಒಂದ್ಸಲ ನಿಜ ಹೇಳಿದ್ಯ, ಅದನ್ನೂ ಸುಳ್ಳು ಅಂತೀಯಲ್ಲೋ!"

ಏಳನ್ನೂ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಮಲಗಿಸಿದೆ. ಮೂರು ದಿನ ಎಮ್ಮೆಗೂ ಹೂಜಿಗೂ ಮಧ್ಯೆ ನಾನೇ ಗೋಡೆಯಾದೆ.

ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಪ್ಪನ ಕೈ ಹಿಡಿದು ಬಸ್ಸಿಳಿದರು. ಪಟ್ಟಿ ಬಿಚ್ಚುವ ಕಾಂಪೌಂಡರು ಮಧ್ಯಾಹ್ನ ಬರುವವರಿದ್ದರು. ಇವರಿಗೆ ತಾಳ್ಮೆಯಿಲ್ಲ. "ಹೂಜಿ ಹತ್ರ ಕರ್ಕಂಡ್ ಹೋಗ್ಲಾ," ಎಂದರು. ಮೆಲ್ಲಗೆ ಹಿತ್ತಿಲ ಕೊಟ್ಟಿಗೆಗೆ ನಡೆಸಿದೆ.

"ಇದೇನ್ಲಾ, ನಡುಮನೆಗೆ ಎಮ್ಮೆ ಬಂದೈತಾ?"

"ಗ್ರಹಣದ್ ವಾಸನೆ ದೊಡ್ಡಪ್ಪ. ಇನ್ನೂ ಹೋಗಿಲ್ಲ."

ಅವರು ಕೈ ಚಾಚಿದರು. ಒಂದೊಂದೇ ಪಾತ್ರೆಯನ್ನು ಕೈಗೆ ಕೊಟ್ಟೆ. ಉಗುರಿನಿಂದ ತಟ್ಟಿದರು. ಟಿಣ್. ಇನ್ನೊಂದು, ಟಿಣ್. ಆರೂ ದೇವಸ್ಥಾನದ ಗಂಟೆಯ ಮರಿಗಳಂತೆ ಉಲಿದವು. ಕೊನೆಗೆ ಹಸಿರು ಹೂಜಿ. ತಟ್ಟಿದರು.

ಟಪ್.

ಹಲಸಿನಕಾಯಿ ತಟ್ಟಿದ ಹಾಗೆ.  ತಿಪ್ಪೆಗೆ ಬಿದ್ದಾಗ ಒಳಗೇ ಬಿರುಕು ಬಿಟ್ಟಿದೆ! ದೊಡ್ಡಪ್ಪನ ಕಾಲು ಹಿಡಿದುಕೊಂಡೆ. ಸೀಬೆಹಣ್ಣು, ಉಪನ್ಯಾಸ, ಗ್ರಹಣ, ತಿಪ್ಪೆ, ಕೊಟ್ಟಿಗೆ, ಎಲ್ಲವನ್ನೂ ಒಪ್ಪಿಕೊಂಡೆ. ಒಂದು ಅಕ್ಷರವನ್ನೂ ಉಬ್ಬಿಸಲಿಲ್ಲ.

ದೊಡ್ಡಪ್ಪ ಬಿಳಿಚಿಕೊಂಡರು. "ತಿಪ್ಪೆಲಿ? ಏಳೂ?"

"ಏಳೂ. ಅದು ಒಡೆದಿದ್ದು ನನ್ನಿಂದ್ಲೇ."

 ದೊಡ್ಡಪ್ಪ ಹೂಜಿಯನ್ನು ಮಡಿಲಿಗೆ ಎಳೆದುಕೊಂಡರು.

"ಏಳ್ಲಾ ಮೇಲೆ. ಇದು ಮೊದ್ಲಿಂದ್ಲೂ ಟಪ್ಪೇ. ದೊರೆಸಾನಿ ಕೊಟ್ಟ್ ದಿನಾನೇ ತಟ್ಟಿ ನೋಡಿದ್ದೆ. ಬಿರುಕು ಬಿಟ್ಟಿದ್ದಕ್ಕೇ ಹಡಗಿಗೆ ಹಾಕ್ದೆ ನನಗೆ ಕೊಟ್ಟಿದ್ದು."

"ಗೊತ್ತಿದ್ದೂ ಇಟ್ಕಂಡ್ರಾ?"

"ಕೊಟ್ಟಾಗ ಆಯಮ್ಮನ ಕಣ್ಣಾಗೆ ನೀರಿತ್ತು. ಅದೂ ಸುಳ್ಳಲ್ಲ. ಗಟ್ಟಿ ಇರೋದು ಹೆಂಗ್ ಕೂಗುತ್ತೆ ಅಂತ ತಿಳ್ಕಳಾಕೇ ಮಿಕ್ಕ ಆರು ಹುಡುಕಿದ್ದು ಕಣೋ."

"ಏನಂದೆ?" ಬಾಗಿಲಲ್ಲಿ ಅಜ್ಜಿ. ಬೀರೂರಿನ ಕಿವಿ! "ಒಡಕು ಪಾತ್ರೆ ಇಷ್ಟ್ ವರ್ಷ ನನ್ ನಡುಮನೇಲಿತ್ತಾ?"

ದೊಡ್ಡಪ್ಪ ಹೂಜಿಯನ್ನು ಹೆಗಲ ಟವಲಿನಿಂದ ಮುಚ್ಚಿದರು. ತಡವಾಗಿತ್ತು.

"ಆರು ಬೇಕಾದ್ರೆ ಮನೆ ಜಗಲಿ ಮೇಲೆ ಇಟ್ಕಾ. ಅದು ಮಾತ್ರ ಜಗಲಿನೂ ಹತ್ತಂಗಿಲ್ಲ," ಎಂದಳು ಅಜ್ಜಿ. ಅವಳ ಮಟ್ಟಿಗೆ ಇದು ದೊಡ್ಡ ಉದಾರತೆ.

"ಬ್ಯಾಡ ಬಿಡವ್ವ. ಏಳೂ ಇಲ್ಲೇ ಇರ್ಲಿ."

ಮಧ್ಯಾಹ್ನ ಕಾಂಪೌಂಡರು ಕೊಟ್ಟಿಗೆಯಲ್ಲೇ ಪಟ್ಟಿ ಬಿಚ್ಚಿದರು. ದೊಡ್ಡಪ್ಪ ಮೊದಲು ನೋಡಿದ್ದು ಹೂಜಿಯನ್ನಲ್ಲ. ಅಷ್ಟರಲ್ಲಿ ಎಮ್ಮೆ ಮೂತಿ ತೂರಿಸಿಬಿಟ್ಟಿತ್ತು. ಅದನ್ನು ತಳ್ಳಿ, ಹೂಜಿಯನ್ನು ಬೆಳಕಿಗೆ ಹಿಡಿದು, ಹಳದಿ ಹೂವನ್ನು ತುಂಬ ಹೊತ್ತು ನೋಡಿದರು.

ಎರಡು ವರ್ಷವಾಯಿತು. ಏಳೂ ಈಗ ಕೊಟ್ಟಿಗೆಯ ಎತ್ತರದ ಹಲಗೆಯ ಮೇಲಿವೆ. ತಟ್ಟುವ ಕೆಲಸ ನನಗೆ ಸಿಕ್ಕಿದೆ. ಕೊನೆಯದಕ್ಕೆ ಬಂದಾಗ ದೊಡ್ಡಪ್ಪ "ಮೆತ್ತಗೆ," ಎನ್ನುತ್ತಾರೆ. ಗ್ರಹಣ ಬಂದಾಗ ಒಂದೊಂದರಲ್ಲೂ ಒಂದೊಂದು ಎಸಳು ಗರಿಕೆ ಇರುತ್ತದೆ. ಅದನ್ನು ಹಾಕುವವರು ಯಾರೆಂದು ಅಜ್ಜಿಯನ್ನು ಕೇಳಿದರೆ, ಎಮ್ಮೆ ಇರಬೇಕು ಎನ್ನುತ್ತಾಳೆ.