ಹಾಸಿಗೆ ಪೆಟ್ಟಿಗೆ ಒಳಗೆ ಕೂತು ಕೇಳಿದ ಹೆರಿಗೆ

ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬಾರದು. ಚಿಕ್ಕವರಿದ್ದಾಗ ಪಾಪು ಎಲ್ಲಿಂದ ಬರುತ್ತೆ ಅಂತ ಕೇಳಿದ್ರೆ ನಿಮ್ಮನೇಲಿ ಏನು ಹೇಳ್ತಿದ್ರು? ಮರೆತುಹೋಗಿದೆ ಅನ್ನಬೇಡಿ, ನೀವು ನಕ್ಕಿದ್ದು ನನಗೆ ಗೊತ್ತಾಯ್ತು. ನಮ್ಮನೇಲಿ, ಸೂಲಗಿತ್ತಿ ಚಿನ್ನಮ್ಮ ಕೈಚೀಲದಲ್ಲಿ ಹಾಕ್ಕೊಂಡು ಬರ್ತಾಳೆ ಅಂತ ಹೇಳ್ತಿದ್ರು. ನಾನು ನಂಬಿದ್ದೆ. ನಂಬಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

ಆಗ ನಾವು ಭದ್ರಾವತಿ ನ್ಯೂ ಟೌನಲ್ಲಿದ್ವಿ. ಅಪ್ಪಂಗೆ ಫ್ಯಾಕ್ಟ್ರಿ ಕೆಲಸ. ಕ್ವಾರ್ಟರ್ಸು ಅಂದ್ರೆ ಎರಡು ರೂಮು, ಒಂದು ಅಡಿಗೆಮನೆ, ಹಿಂದೆ ಬಟ್ಟೆ ಒಗೆಯೋ ಕಲ್ಲು. ಗಡಿಯಾರ ಯಾರಿಗೆ ಬೇಕಿತ್ತು, ಸೈರನ್ ಕೂಗಿದ್ರೆ ಏಳೋದು, ಸೈರನ್ ಕೂಗಿದ್ರೆ ಉಣ್ಣೋದು. ಆ ಬೇಸಿಗೆ ರಜದಲ್ಲಿ ನಂಗೆ ಎಂಟು ವರ್ಷ, ಅವ್ವಂಗೆ ದಿನ ತುಂಬಿತ್ತು. ಅವ್ವನ ತಾಯಿ ತೀರ್ಕೊಂಡಿದ್ರು, ಅದಕ್ಕೆ ಬಾಣಂತನ ಮಾಡೋಕೆ ಅಪ್ಪನ ತಾಯಿ, ನಮ್ಮಜ್ಜಿ, ಬಂದಿದ್ರು. ಆಸ್ಪತ್ರೆಗೆ ಸೇರಿಸೋಣ ಅಂತ ಅಪ್ಪ ಒಂದ್ಸಲ ಅಂದು ನೋಡಿದ್ರು. ಅಜ್ಜಿ, ನಿನ್ನ ನಾನು ಎಲ್ಲಿ ಹೆತ್ತೆ ಅಂತ ಕೇಳಿದ್ರು. ಅಲ್ಲಿಗೆ ಮುಗೀತು.

ಒಂದು ತಿಂಗಳಿಂದ ತಯಾರಿ. ಹಳೇ ಹತ್ತಿ ಸೀರೆಗಳನ್ನ ಕುದಿಸಿ ಒಗೆದು, ಹೊರಗೆ ಹಾಕಿದ್ರೆ ಫ್ಯಾಕ್ಟ್ರಿ ಮಸಿ ಬೀಳುತ್ತೆ ಅಂತ ರೂಮಲ್ಲೇ ಹಗ್ಗ ಕಟ್ಟಿ ಒಣಗಿಸಿದ್ರು. ನಾನು, ಪಕ್ಕದ ಮನೆ ಮಕ್ಕಳು ಆ ಸೀರೆಗಳ ಮಧ್ಯೆ ಕಣ್ಣಾಮುಚ್ಚಾಲೆ ಆಡ್ತಿದ್ವಿ. ಅಂಟು, ಕೊಬ್ಬರಿ, ಬೆಲ್ಲ ತುಪ್ಪದಲ್ಲಿ ಹುರಿದು ಅಂಟಿನುಂಡೆ ಕಟ್ಟಿದಾಗ ವಾಸನೆ ನಮ್ಮ ಸಾಲಿನ ಕೊನೇ ಮನೆವರೆಗೂ ಹೋಗಿತ್ತು. ಬಾಣಂತಿಗೆ ಅಂತ ಮಾಡಿದ್ದು, ಮುಟ್ಟಿದ್ರೆ ಕೈ ಮುರೀತೀನಿ ಅಂತ ಅಜ್ಜಿ ಡಬ್ಬೀನ ಒಳರೂಮಿನ ಹಾಸಿಗೆ ಪೆಟ್ಟಿಗೆಯಲ್ಲಿ ಇಟ್ರು. ಉದ್ದ ಮರದ ಪೆಟ್ಟಿಗೆ, ಮುಚ್ಚಳ ಸೊಟ್ಟಗಾಗಿ ಒಂದು ಬೆರಳಷ್ಟು ಸಂದಿ ಇತ್ತು.

ಅವತ್ತು ಬೆಳಗಿನ ಸೈರನ್ನಿಗೆ ಅಪ್ಪ ಕೆಲಸಕ್ಕೆ ಹೋದ್ಮೇಲೆ ಅವ್ವಂಗೆ ನೋವು ಶುರುವಾಯ್ತು. ಜನ್ನಾಪುರದಿಂದ ಚಿನ್ನಮ್ಮ ಬಂದ್ಲು, ಕೈಯಲ್ಲಿ ಚೀಲ. ನನ್ನನ್ನ ಪಕ್ಕದ ಮನೆಗೆ ಅಟ್ಟಿದ್ರು. ನಾನು ಇರ್ತೀನಾ? ಹಿಂದಿನ ಬಾಗಿಲಿಂದ ಬಂದೆ. ಅಜ್ಜಿ ಒಲೆ ಊದ್ತಿದ್ರು, ಚಿನ್ನಮ್ಮ ಅವ್ವನ ಸೊಂಟ ಹಿಡ್ಕೊಂಡು ಮುಂದಿನ ರೂಮಲ್ಲಿ ನಡೆಸ್ತಿದ್ಲು. ಚೀಲ ಒಳರೂಮಲ್ಲಿತ್ತು. ಬಿಚ್ಚಿ ನೋಡಿದ್ರೆ ಹರಳೆಣ್ಣೆ ಸೀಸೆ, ಒಂದು ಟವೆಲ್ಲು, ಎಲೆಅಡಿಕೆ ಸಂಚಿ. ಪಾಪು ಇಲ್ಲ. ಮರೆತು ಬಂದಿದಾಳೆ ಅಂದ್ಕೊಂಡೆ. ಅಷ್ಟರಲ್ಲಿ ಎಲ್ಲರೂ ಒಳಗೆ ಬರೋ ಸದ್ದು. ಹಾಸಿಗೆ ತೆಗೆದು ಕೆಳಗೆ ಹಾಸಿದ್ರಲ್ಲ, ಪೆಟ್ಟಿಗೇಲಿ ಜಾಗ ಇತ್ತು. ಒಳಗೆ ಹೊಕ್ಕು ಮುಚ್ಕೊಂಡೆ.

ಮೊದಲು ಖುಷಿಯಾಯ್ತು, ಉಂಡೆ ಡಬ್ಬಿ ಮೊಣಕಾಲ ಹತ್ರಾನೇ ಇತ್ತು. ಎರಡು ತಿಂದೆ. ಆಮೇಲೆ ಅಜ್ಜಿ ಬಂದು ಮುಚ್ಚಳದ ಮೇಲೆ ತಟ್ಟೆ ಇಟ್ರು. ಕುದಿಸಿದ ಬ್ಲೇಡು, ದಾರ, ಅರಿಶಿನ. ಬಾಗಿಲು ಹಾಕಿದ್ರು. ಅಲ್ಲಿಗೆ ನಾನು ಸಿಕ್ಕಾಕ್ಕೊಂಡೆ.

ನುಸಿಗುಳಿಗೆ ವಾಸನೆ, ಸೆಕೆ, ಕಾಲು ಜೋಮು, ಮೇಲಿಂದ ಒಂದಕ್ಕೆ ಬೇರೆ ಅವಸರ. ಸಂದಿಯಲ್ಲಿ ಅವ್ವನ ಒಂದು ಕೈ ಮಾತ್ರ ಕಾಣ್ತಿತ್ತು. ಹಾಸಿಗೆ ಅಂಚನ್ನ ಹಿಂಡ್ತಿತ್ತು, ಬಿಡ್ತಿತ್ತು. ಹಿಂಡ್ತಿತ್ತು, ಬಿಡ್ತಿತ್ತು. ಅವ್ವ ಕೂಗ್ತಾನೇ ಇರಲಿಲ್ಲ. ಕೂಗು ತಾಯಿ, ಬಾಯಿಬಿಟ್ಟು ಕೂಗು ಅಂತ ಚಿನ್ನಮ್ಮ ಎಷ್ಟು ಹೇಳಿದ್ರೂ ಮೂಗಲ್ಲಿ ಉಸಿರು ಬಿಡೋ ಸದ್ದು ಅಷ್ಟೇ. ಮಧ್ಯಾಹ್ನದ ಸೈರನ್ ಆಯ್ತು. ಚಿನ್ನಮ್ಮನ ದನಿ ಬದಲಾಯ್ತು. ಅಮ್ಮಾ, ಯಾಕೋ ಬಿಗಿ ಹಿಡಿದಿದಾಳೆ, ಮನೇಲಿ ಮುಚ್ಚಿದ್ದೆಲ್ಲ ತೆಗೀರಿ ಅಂತ ಅಜ್ಜಿಗೆ ಹೇಳಿದ್ಲು.

ನಮ್ಮ ಕಡೆ ಆಗ ಹಂಗಿತ್ತು. ಹೆರಿಗೆ ತಡ ಆದ್ರೆ ಮನೇಲಿ ಬೀಗ, ಮುಚ್ಚಳ, ಗಂಟು ಒಂದೂ ಇರಬಾರದು. ಅಜ್ಜಿ ಟ್ರಂಕಿನ ಬೀಗ ತೆಗೆದ್ರು. ಬಾಗಿಲು ಕಿಟಕಿ ತೆಗೆದ್ರು. ಅಡಿಗೆಮನೇಲಿ ಡಬ್ಬಿ ಮುಚ್ಚಳಗಳೆಲ್ಲ ಠಣ್ ಠಣ್ ಅಂತ ನೆಲಕ್ಕೆ ಬಿದ್ವು. ಸೀರೆ ಒಣಗಿಸಿದ್ದ ಹಗ್ಗ ಬಿಚ್ಚಿದ್ರು, ಅವ್ವನ ಜಡೆ ಬಿಚ್ಚಿದ್ರು. ಈ ಪೆಟ್ಟಿಗೆ ಅಂದ್ರು ಅಜ್ಜಿ. ಅದಕ್ಕೆ ಬೀಗ ಎಲ್ಲಿದೆ, ಮೇಲೆ ಬ್ಲೇಡಿದೆ, ಬಿಡಿ ಅಂದ್ಲು ಚಿನ್ನಮ್ಮ.

ಇಡೀ ಮನೇಲಿ ಮುಚ್ಚಿದ್ದು ಇನ್ನು ಒಂದೇ. ಅದರೊಳಗೆ ನಾನು.

ಹಿಂದಿನ ಸಾಲಿನ ಮನೇಲಿ ಅದಕ್ಕೂ ಒಂದು ವರ್ಷ ಮುಂಚೆ ಒಬ್ಬಾಕೆ ಹೆರೋಕೆ ಅಂತ ಮಲಗಿದೋಳು ಏಳಲಿಲ್ಲ. ಅವಳ ಮಗಳು ನನ್ನ ಕ್ಲಾಸು. ಅವಳಿಗೆ ಜಡೆ ಹಾಕೋರು ಇಲ್ಲದೆ ಕೂದಲು ಕತ್ತರಿಸಿಬಿಟ್ಟಿದ್ರು. ಅದೇ ಕಣ್ಣ ಮುಂದೆ ಬಂತು. ಹೊರಗೆ ಬಂದ್ರೆ ಅಜ್ಜಿ ಕೊಲ್ತಾರೆ, ಬರದಿದ್ರೆ ಅವ್ವ ಸಾಯ್ತಾಳೆ. ಕತ್ತಲಲ್ಲೇ ಉಂಡೆ ಡಬ್ಬಿ ಮುಚ್ಚಳ ತೆಗೆದೆ. ಜಡೆ ಟೇಪು ಬಿಚ್ಚಿದೆ. ಲಂಗದ ಲಾಡೀನೂ ಬಿಚ್ಚಿದೆ. ಸಂದಿಯಲ್ಲಿ ಅವ್ವನ ಕೈ ಇನ್ನೂ ಹಿಂಡ್ತಾನೇ ಇತ್ತು. ಕಣ್ಣು ಮುಚ್ಕೊಂಡು ತಲೆಯಿಂದ ಮುಚ್ಚಳ ನೂಕಿದೆ.

ತಟ್ಟೆ ಬಿದ್ದ ಸದ್ದು ಈಗಲೂ ಕಿವೀಲಿದೆ. ಬಿಚ್ಚಿದ ಕೂದಲು, ಬಾಯಿಗೆಲ್ಲ ಬೆಲ್ಲ, ಒಂದು ಕೈಲಿ ಲಂಗ ಹಿಡ್ಕೊಂಡು ಎದ್ದು ನಿಂತೆ. ಅಜ್ಜಿ ಕಿವಿ ಹಿಡಿದು ಎಳೆದು ಹಿತ್ತಲಿಗೆ ದಬ್ಬಿದ್ರು. ಒಗೆಯೋ ಕಲ್ಲಿನ ಮೇಲೆ ಕೂತೆ. ಆಗ ಕೇಳಿಸ್ತು ಅವ್ವನ ಕೂಗು. ಅಂಥ ಕೂಗು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅದರ ಬೆನ್ನಿಗೇ ಇನ್ನೊಂದು, ಸಣ್ಣದು. ನನ್ನ ತಂಗಿ ಗಿರಿಜ.

ಮುಚ್ಚಳ ನಾನು ತೆಗೆದಿದ್ದಕ್ಕೇ ಗಿರಿಜ ಹುಟ್ಟಿದ್ದು ಅಂತ ಅಜ್ಜಿ ಸಾಯೋವರೆಗೂ ಹೇಳಿದ್ರು. ನಾನೂ ಮೆರೆದೆ. ಅವಳ ಪಾಲಿನ ಮಾವಿನಹಣ್ಣು, ಕಿಟಕಿ ಪಕ್ಕದ ಸೀಟು, ಎಲ್ಲ ಈ ಒಂದು ಮಾತಲ್ಲೇ ಕಿತ್ಕೊಂಡಿದೀನಿ.

ನನ್ನ ಚೊಚ್ಚಲಲ್ಲಿ ನಾನು ಬೀದಿಗೆಲ್ಲ ಕೇಳೋ ಹಂಗೆ ಕಿರುಚಿದ್ದೆ. ಅವ್ವ ಎಣ್ಣೆ ಹಚ್ಚುತ್ತಾ ಕೂತಾಗ, ನೀನು ಅವತ್ತು ಹೆಂಗೆ ಸುಮ್ಮನಿದ್ದೆ ಅಂತ ಕೇಳಿದೆ.

“ನಿನ್ನ ಲಂಗದ ಅಂಚು ಪೆಟ್ಟಿಗೆ ಬಾಯಲ್ಲಿ ಸಿಕ್ಕಾಕ್ಕೊಂಡಿತ್ತು ಕಣೆ,” ಅಂದ್ಲು. “ಹೇಳಿದ್ರೆ ಅಜ್ಜಿ ನಿನ್ನ ಚರ್ಮ ಸುಲೀತಿದ್ರು. ಕೂಗಿದ್ರೆ ನೀನು ಕತ್ತಲಲ್ಲಿ ಹೆದರ್ಕೊತಿದ್ದೆ. ಹೆಂಗೆ ಕೂಗಲಿ?”

ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ನನ್ನ ದೊಡ್ಡಸ್ತಿಕೆ ಏನಾಗಬೇಕು.

ಈಗ ಅವ್ವ ಇಲ್ಲ. ಚಿನ್ನಮ್ಮನ ಥರ ಹೊಟ್ಟೆ ಮೇಲೆ ಕೈಯಿಟ್ಟು ಹೇಳೋರು ಜನ್ನಾಪುರದಲ್ಲಿ ಯಾರೂ ಇಲ್ಲ. ಹೋದ ತಿಂಗಳು ಶಿವಮೊಗ್ಗದ ನರ್ಸಿಂಗ್ ಹೋಮಲ್ಲಿ ನನ್ನ ಮೊಮ್ಮಗಳ ಹೆರಿಗೆ. ಈ ಮೊಬೈಲಲ್ಲಿ ಟೈಪ್ ಮಾಡೋದು ಕಲಿಸಿದೋಳು ಅವಳೇ. ಅಲ್ಲಿ ಎಲ್ಲ ಚೆನ್ನಾಗಿದೆ, ಹಿಂದಿನ ಸಾಲಿನಾಕೆ ಥರ ಆಗಲ್ಲ ಅನ್ನೋ ಧೈರ್ಯ ಇದೆ, ಇಲ್ಲ ಅನ್ನಲ್ಲ. ಆದ್ರೆ ಮಗು ಕೂಗಿದ್ದು ಯಾರಿಗೂ ಕೇಳಿಸಲ್ಲ. ನಾನು, ಗಿರಿಜ ಹೊರಗಡೆ ಸ್ಟೀಲ್ ಕುರ್ಚಿ ಮೇಲೆ ಗಾಜಿನ ಬಾಗಿಲು ನೋಡ್ತಾ ಕೂತಿದ್ವಿ. ತೆಗೆಯೋಕೆ ನನ್ನ ಹತ್ರ ಏನೂ ಇರಲಿಲ್ಲ. ಬ್ಯಾಗಿನ ಜಿಪ್ಪು ತೆಗೆದೆ, ಟಿಫಿನ್ ಕ್ಯಾರಿಯರ್ ಮುಚ್ಚಳ ಒಂದೊಂದೇ ಬಿಚ್ಚಿಟ್ಟೆ. ನಗಬೇಡ ಮಾರಾಯ್ತಿ, ನೀನು ಹುಟ್ಟಿದ್ದೂ ಹಿಂಗೇ ಅಂತ ಗಿರಿಜಂಗೆ ಹೇಳೋಕೆ ಹೋದೆ. ಅವ್ವ ಹೇಳಿದ ಮಾತೂ ಜೊತೆಗೇ ಹೊರಗೆ ಬಂದುಬಿಡ್ತು.

ಗಿರಿಜ ಸೆರಗಲ್ಲಿ ಕಣ್ಣು ಒರೆಸ್ಕೊಂಡು ನನ್ನ ಕಡೆ ತಿರುಗಿದ್ಲು.

“ಅಂದ್ರೆ ಅಕ್ಕ, ನೀನು ಆ ಪೆಟ್ಟಿಗೆ ಹೊಗದೇ ಇದ್ದಿದ್ರೆ ನಾನು ಬೆಳಗಿನ ತಿಂಡಿ ಹೊತ್ತಿಗೇ ಬಂದಿರ್ತಿದ್ದೆ. ತೆಗಿ ನನ್ನ ಮಾವಿನಹಣ್ಣುಗಳನ್ನ.”