ಚಹಾಪುಡಿ ಅಂಗಡಿಯ ಎರಡಾಣೆ ಕಾದಂಬರಿ

ನಾನು ಕಲಿತದ್ದು ಮೂರನೆಯ ತರಗತಿ, ಅದೂ ತವರೂರು ಸಿರುಗುಪ್ಪದಲ್ಲಿ. ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ ಮದುವೆಯಾಗಿ ಕುರುಗೋಡಿಗೆ ಬಂದಾಗ, ಆ ಮನೆಯ ಹೆಂಗಸರಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಬಳ್ಳಾರಿಯ ಒಬ್ಬ ಚಹಾಪುಡಿ ವ್ಯಾಪಾರಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಅಂಗಡಿ. ಆತ ತಾನೇ ಅಚ್ಚು ಹಾಕಿಸಿದ ಪ್ರೇಮದ ಕಾದಂಬರಿಗಳು ಆ ಅಂಗಡಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಒಂದಕ್ಕೆ ಎರಡಾಣೆ. ತೆಳ್ಳನೆಯ ಕಾಗದ, ಹಾಳೆ ಹಾಳೆಗೂ ಚಹಾದ ವಾಸನೆ. ಸಂತೆಯ ದಿನ ನನ್ನ ಗಂಡ ಪುಡಿಯ ಪೊಟ್ಟಣದ ಜೊತೆ ಒಂದು ತಂದುಕೊಡುತ್ತಿದ್ದರು.

ಅತ್ತೆಗೆ ಅಚ್ಚಾದದ್ದೆಲ್ಲ ಪುರಾಣವೇ. ಪುಸ್ತಕಕ್ಕೆ ವಿಭೂತಿ ಹಚ್ಚಿ, ಮಣೆಯ ಮೇಲಿಟ್ಟು, ಕೈಮುಗಿದು ಕೂರುತ್ತಿದ್ದರು. ನಾನು ಗಟ್ಟಿಯಾಗಿ ಓದುವುದನ್ನು ಕೇಳಲು ಓಣಿಯ ಹೆಂಗಸರೂ ಬರುತ್ತಿದ್ದರು. ನಾಯಕ ನಾಯಕಿಯ ಕೈ ಹಿಡಿದರೆ ಎಲ್ಲರೂ "ಶಿವ ಶಿವಾ" ಎನ್ನುವರು. ನಾನು ತಿದ್ದಲಿಲ್ಲ. ತಿದ್ದಿದ್ದರೆ ಓದೇ ನಿಲ್ಲುತ್ತಿತ್ತು.

ಕಂಬದ ಮರೆಯಲ್ಲಿ ನನ್ನ ನಾದಿನಿ ಕೂರುತ್ತಿದ್ದಳು. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತೆಕ್ಕಲಕೋಟೆಯಿಂದ, ಹೆಂಡತಿ ತೀರಿದ ಒಬ್ಬ ರೈತ ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು, ಅಂದರೆ ಹೊಸ ಸೀರೆ ಉಡಿಸಿ ಮರುಮದುವೆಯಾಗುತ್ತೇನೆಂದು, ಕೇಳಿ ಕಳಿಸಿದ್ದ. ಅತ್ತೆಯದು ಒಂದೇ ಮಾತು: "ಉಡಿಕಿ ನಮ್ಮ ಮನಿತನದಾಗ ಇಲ್ಲ."

ಆ ವಾರದ ಕಾದಂಬರಿಯಲ್ಲೂ ಒಬ್ಬ ವಿಧವೆ. ಒಬ್ಬ ಮಾಸ್ತರ ಅವಳನ್ನು ಮೆಚ್ಚಿದ್ದ. ಕೊನೆಯ ಹಾಳೆ ತಿರುವಿದೆ. ಅವಳು ಹೊಳೆಗೆ ಬಿದ್ದು ಸತ್ತಿದ್ದಳು. ಓದು ನಿಲ್ಲಿಸಿದೆ. ಕಂಬದ ಕಡೆ ನೋಡಿದೆ. ನಾದಿನಿ ಉಸಿರು ಬಿಗಿಹಿಡಿದು ಕೂತಿದ್ದಳು.

"ಯಾಕವ್ವ, ಮೂರನೇತ್ತಿ ಸಾಲಿ ಅಲ್ಲಿಗೇ ಮುಗೀತೇನು?" ಎಂದು ಪಕ್ಕದ ಮನೆಯ ಅಜ್ಜಿ ಚುಚ್ಚಿದಳು.

ಹಾಳೆ ನೋಡುತ್ತಲೇ ಹೇಳಿಬಿಟ್ಟೆ: ತಾಯಿ ತಾನೇ ಹಸಿರು ಸೀರೆ ತಂದಳು, ಮಗಳಿಗೆ ಉಡಿಸಿದಳು, ಮಾಸ್ತರನ ಕೈಗೆ ಒಪ್ಪಿಸಿದಳು. ಅದರಲ್ಲಿ ಒಂದಕ್ಷರವೂ ಅಲ್ಲಿರಲಿಲ್ಲ.

ಅತ್ತೆ ನನ್ನ ಹತ್ತಿರಕ್ಕೆ ಸರಿದು ಕೂತರು.

"ತಾಯೀನ ಉಡಿಸಿದ್ಲಾ?"

"ಹೌದ್ರಿ ಅತ್ತಿ."

"ಪುಸ್ತಕದಾಗ ಹಂಗ ಐತಿ?"

"ಐತ್ರಿ."

ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ವಾರದೊಳಗೆ ತೆಕ್ಕಲಕೋಟೆಗೆ ಒಪ್ಪಿಗೆ ಹೇಳಿ ಕಳಿಸಿದರು.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರಿಗೆ ನಿಜ ಹೇಳಲೇ ಇಲ್ಲ. ಅದು ಈಗಲೂ ಎದೆಯಲ್ಲಿದೆ. ಆದರೆ ಮೊನ್ನೆ, ಆ ನಾದಿನಿಯ ಮೊಮ್ಮಗಳು ನನ್ನ ಮೊಮ್ಮಗನ ಹೆಂಡತಿಯಾಗಿ ನಮ್ಮ ಹೊಸ್ತಿಲು ದಾಟಿದಳು! ನನ್ನ ಸಂತೋಷ ಒಡಲಲ್ಲಿ ಹಿಡಿಸುತ್ತಿಲ್ಲ. ಕಂಡ ಕಂಡವರ ಕೈ ಹಿಡಿದು ಕಣ್ಣೀರು ಹಾಕಿದೆ. ಊಟಕ್ಕೆ ಕೂತಾಗ ನಾದಿನಿಗೆ ಎಲ್ಲ ಹೇಳಿಬಿಟ್ಟೆ.

ಆಕೆ ನಗಲಿಲ್ಲ.

"ಇದ್ದದ್ದು ಇದ್ದಂಗ ಓದಿದ್ರ, ಅತ್ತಿಗಿ, ನಾನೂ ಬಾವಿ ನೋಡಿ ಇಟ್ಟಿದ್ದೆ," ಎಂದಳು. ಆಮೇಲೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, "ಉಣ್ಣು, ಆರತೈತಿ," ಎಂದಳು.